ಬರುವ ಮೊದಲೇ ಇಸಿಜಿ

ಒಂದು ರಾತ್ರಿ ಚಿಕ್ಕಪ್ಪನಿಗೆ ಎದೆ ಹಿಡಿದುಕೊಂಡಿತು. ಹತ್ತಿರದಲ್ಲಿ ಇರುವುದು ಒಂದೇ ಸಣ್ಣ ಆಸ್ಪತ್ರೆ. ಓಡಿದೆವು. ಕೊನೆಗೆ ಅದು ಗ್ಯಾಸ್ ಅಂತಾಯಿತು, ಆ ಚಿಂತೆ ಬಿಡಿ. ನನ್ನ ತಲೆ ಕೆಡಿಸಿದ್ದು ಮನೆಗೆ ಹೊರಡುವಾಗ ಕೈಗೆ ಕೊಟ್ಟ ಕಾಗದಗಳು. ಚೀಟಿಯ ಪ್ರಕಾರ ಚಿಕ್ಕಪ್ಪ ತುರ್ತು ವಿಭಾಗಕ್ಕೆ ಬಂದಿದ್ದು 10 ಗಂಟೆ 20 ನಿಮಿಷಕ್ಕೆ. ಇಸಿಜಿ ಹಾಳೆಯ ಮೂಲೆಯಲ್ಲಿ ಯಂತ್ರವೇ ಹೊಡೆದ ಸಮಯ 10 ಗಂಟೆ 13 ನಿಮಿಷ.

ಅಂದರೆ ನಾವಿನ್ನೂ ದಾರಿಯಲ್ಲಿ ಹಂಪ್ ಹಾರುತ್ತಿದ್ದಾಗಲೇ ಅವರ ಹೃದಯದ ಗೆರೆ ಇಲ್ಲಿ ಕಾಗದದ ಮೇಲೆ ಮೂಡಿಯಾಗಿತ್ತು!

ಪವಾಡ ಏನಿಲ್ಲ. ಬಾಗಿಲ ಬಳಿಯ ಗಡಿಯಾರ ಮುಂದಿದೆ, ಇಸಿಜಿ ಯಂತ್ರದ ಗಡಿಯಾರ ಹಿಂದಿದೆ. ನನ್ನ ಮೊಬೈಲ್ ಪ್ರಕಾರ ನಾವು ಕಾದಿದ್ದು 25 ನಿಮಿಷ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಜಗತ್ತಿನ ವೈದ್ಯರೆಲ್ಲ ಒಪ್ಪಿರುವ ಲೆಕ್ಕ. ಈ ಆಸ್ಪತ್ರೆ ಅದನ್ನು ಮೈನಸ್ 7 ನಿಮಿಷದಲ್ಲಿ ಮುಗಿಸಿದೆ. ಗುಣಮಟ್ಟದ ವರದಿಯಲ್ಲಿ ಇದು ಹಸಿರು ಬಣ್ಣದಲ್ಲೇ ಬಂದಿರುತ್ತದೆ. ಮೈನಸ್ ಆದರೇನು, ಹತ್ತಕ್ಕಿಂತ ಕಡಿಮೆ ಅಲ್ವಾ?

25 ನಿಮಿಷ ಯಾಕೆ ಹಿಡಿಯಿತು ಅಂತೀರಾ? ಡಾಕ್ಟರು ಒಳಗೆ ಹೆರಿಗೆ ನೋಡುತ್ತಿದ್ದರು. ಇಸಿಜಿ ಯಂತ್ರದಲ್ಲಿ ಕಾಗದ ಮುಗಿದಿತ್ತು. ಹೊಸ ರೋಲ್ ಇತ್ತು, ಆದರೆ ಮರುದಿನ ಆಸ್ಪತ್ರೆಯ ಗುಣಮಟ್ಟದ ತಪಾಸಣೆ. ಸ್ಟಾಕ್ ಪುಸ್ತಕದಲ್ಲಿ ಇದ್ದಷ್ಟು ರೋಲ್ ಬೀರುವಿನಲ್ಲೂ ಇರಬೇಕು. ಒಡೆದರೆ ಲೆಕ್ಕ ತಪ್ಪುತ್ತದೆ. ಡಾಕ್ಟರು ಹೊರಗೆ ಬಂದು ಒಂದೆರಡು ಮಾತು ಬೈದ ಮೇಲೇ ಬೀರು ತೆರೆದಿದ್ದು.

ಅಲ್ಲಿಯವರೆಗೆ ಚಿಕ್ಕಪ್ಪ ಬೆಂಚಿನ ಮೇಲೆ ಕೂತು 'ರೋಗಿಗಳ ಹಕ್ಕುಗಳು' ಬೋರ್ಡನ್ನು ಎರಡು ಸಲ ಓದಿದರು. ನಾನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಹಾಳೆ ಓದಿದೆ. ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ನೋಡಿ ನೋಡಿ ಬರೆಯಬೇಕು. ಬರೆದಿದ್ದರು. 4, 4, 4, 4. ತಿಂಗಳಿಡೀ 4. ದಿನವಿಡೀ ಕರೆಂಟ್ ಇಲ್ಲದ ದಿನವೂ 4. ಜೂನ್ ಹಾಳೆಯಲ್ಲಿ ಅಪ್ಪಿತಪ್ಪಿ 31 ಮನೆ ಅಚ್ಚಾಗಿತ್ತು. ಜೂನ್ 31ಕ್ಕೂ 4, ಸಹಿ ಸಮೇತ.

ಸಿಸ್ಟರ್ ಮೇಜಿನ ಬಳಿ ಕೂತು ತಪಾಸಣೆಯ ಫಾರ್ಮ್ ತುಂಬುತ್ತಿದ್ದರು. 'ಲ್ಯಾರಿಂಗೋಸ್ಕೋಪ್ ಇದೆಯೇ? ಹೌದು.' ಅದೇನು ಎಂದು ಕೇಳಿದೆ. ಟ್ರಾಲಿಯ ಡ್ರಾಯರ್‌ನಿಂದ ತೆಗೆದು ತೋರಿಸಿದರು. ಉಸಿರಾಟದ ಕೊಳವೆ ಹಾಕುವಾಗ ಗಂಟಲೊಳಗೆ ಬೆಳಕು ಬಿಡುವ ಸಾಧನವಂತೆ. ಬಿಡಿಸಿದರು. ಬೆಳಕು ಬರಲಿಲ್ಲ. ಅಂಗೈಗೆ ತಟ್ಟಿ ನೋಡಿದರು. ಊಹೂಂ.

"ಸೆಲ್ ಹೋಗಿದೆ," ಅಂದರು.

"ಮತ್ತೆ ಹೌದು ಅಂತ ಬರೆದಿರಲ್ಲ ಸಿಸ್ಟರ್?"

"ಇದೆಯೇ ಅಂತ ಕೇಳಿದ್ದಾರೆ ಸಾರ್. ಉರಿಯುತ್ತದೆಯೇ ಅಂತ ಕೇಳಿಲ್ಲ."

ಮುಂದಿನ ಪ್ರಶ್ನೆ, 'ತುರ್ತು ರೋಗಿಗೆ ತಡವಿಲ್ಲದೆ ಆರೈಕೆ ಸಿಗುತ್ತಿದೆಯೇ?' ಒಮ್ಮೆ ಚಿಕ್ಕಪ್ಪನ ಕಡೆ ನೋಡಿ, ಹೌದು ಎಂದು ಟಿಕ್ ಹಾಕಿದರು.

ಅವರನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ರಾತ್ರಿಗೆ ಇರುವ ಸಿಸ್ಟರ್ ಅವರೊಬ್ಬರೇ. ಐನೂರು ಹಾಸಿಗೆಯ ಆಸ್ಪತ್ರೆಗೆ ಬರೆದ ಫಾರ್ಮೇ ಇಲ್ಲಿಗೂ ಬರುತ್ತದೆ. ಸೋಂಕು ತಡೆ ಸಮಿತಿ, ಗುಣಮಟ್ಟ ಸಮಿತಿ, ಅಗ್ನಿ ಸುರಕ್ಷತಾ ಸಮಿತಿ ಎಲ್ಲ ಬೇಕು. ಮೂರಕ್ಕೂ ಸೇರಿ ಜನ ಮೂವರೇ: ಡಾಕ್ಟರು, ಸಿಸ್ಟರು, ಫಾರ್ಮಸಿಸ್ಟು. ಗುಣಮಟ್ಟ ಸಮಿತಿಯ ಸಿಸ್ಟರು ಸೋಂಕು ಸಮಿತಿಯ ಸಿಸ್ಟರಿಗೆ ಪತ್ರ ಬರೆಯುತ್ತಾರೆ. ಆ ಸಿಸ್ಟರು ವಾರದೊಳಗೆ ಉತ್ತರ ಕೊಡುತ್ತಾರೆ. ನಡಾವಳಿ ಪುಸ್ತಕದಲ್ಲಿ ಇಬ್ಬರಿಗೂ ಧನ್ಯವಾದ.

ಪಟ್ಟಿಗಳೇ ದಂಡ ಅಂತ ನಾನು ಹೇಳುತ್ತಿಲ್ಲ. ಹೃದಯ ನಿಂತವರಿಗೆ, ಎದೆ ಒತ್ತುವವರೂ ಇಲ್ಲದಿದ್ದರೆ, ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಆ ಶಾಕ್ ಕೊಡುವ ಯಂತ್ರ, ಡಿಫಿಬ್ರಿಲೇಟರ್, ಚಾರ್ಜ್ ಆಗಿದೆಯೇ ಎಂದು ದಿನವೂ ನೋಡಿ ಅನ್ನುವುದು ಅದಕ್ಕೇ. ನೋಡುವುದಕ್ಕಿಂತ ಸಹಿ ಹಾಕುವುದು ಬೇಗ ಆಗುತ್ತದೆ, ಅಷ್ಟೇ ತೊಂದರೆ.

ದೊಡ್ಡವರೂ ಏನು ಕಡಿಮೆ ಇಲ್ಲ. ಇಂಗ್ಲೆಂಡಿನಲ್ಲಿ 2000ದ ದಶಕದಲ್ಲಿ, ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ವಾರ್ಡಿಗೋ ಮನೆಗೋ ಕಳಿಸಬೇಕು ಎಂದು ಗುರಿ ಇಟ್ಟರು. ಕೆಲವು ಕಡೆ ರೋಗಿಯನ್ನು ಬಾಗಿಲ ಹೊರಗೆ ಆಂಬುಲೆನ್ಸ್‌ನಲ್ಲೇ ಕಾಯಿಸಿದರು. ಒಳಗೆ ಬಂದರೆ ತಾನೇ ಗಡಿಯಾರ ಶುರುವಾಗುವುದು!

ಹದಿನೈದು ದಿನ ಬಿಟ್ಟು ಸಮಯ ತಿದ್ದಿಸಲು ಮತ್ತೆ ಹೋದೆ. ತಪಾಸಣೆಯವರು ಗಡಿಯಾರದ ವಿಷಯ ಹಿಡಿದಿದ್ದರಂತೆ. ಖುಷಿಯಾಯಿತು. ಕ್ರಮವೂ ಆಗಿತ್ತು. ಮೇಜಿನ ಮೇಲೆ ಹೊಸ ರಿಜಿಸ್ಟರ್: 'ಗಡಿಯಾರ ವ್ಯತ್ಯಾಸ ದಾಖಲೆ'. ಪಾಳಿಗೊಮ್ಮೆ ಎರಡೂ ಗಡಿಯಾರ ನೋಡಿ ಎಷ್ಟು ನಿಮಿಷ ವ್ಯತ್ಯಾಸ ಎಂದು ಬರೆದು ಸಹಿ ಹಾಕಬೇಕು. 32, 32, 32, 32. ನಾಳೆ ಬೆಳಗಿನ ಪಾಳಿಗೂ 32 ಬಿದ್ದಿತ್ತು.

ಮುಳ್ಳು ತಿರುಗಿಸಬಹುದಿತ್ತಲ್ಲ ಎಂದೆ. ಹಾಗೆ ಮಾಡಿದರೆ ರಿಜಿಸ್ಟರಿನಲ್ಲಿ ಬರೆಯಲು ಏನಿರುತ್ತದೆ ಎನ್ನುವ ಹಾಗೆ ಸಿಸ್ಟರ್ ನನ್ನ ಮುಖ ನೋಡಿದರು. ನನ್ನ ದೂರು ಬರೆದುಕೊಳ್ಳಲು ಇನ್ನೊಂದು ಪುಸ್ತಕ ತೆಗೆದರು. ಹೆಸರು, ವಯಸ್ಸು ಆಯಿತು. 'ದೂರುದಾರರು ಬಂದ ಸಮಯ' ಎನ್ನುವಲ್ಲಿ ಪೆನ್ನು ನಿಂತಿತು.

"ಯಾವ ಗಡಿಯಾರದ್ದು ಹಾಕಲಿ ಸಾರ್?"