ಬ್ರೆಜಿಲ್‌ಗೆ ಚಿನ್ನ ಬಂದರೆ ಆರಿಫ್ ಖಾನ್‌ಗೆ ಯಾಕೆ ಬೈಗುಳ?

"ಹಿಮವೇ ಬೀಳದ ಬ್ರೆಜಿಲ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಹೊಡೆಯಿತು. ಇಡೀ ಹಿಮಾಲಯ ಇಟ್ಟುಕೊಂಡ ನಾವು? ಸೊನ್ನೆ."

ಈ ಮೆಸೇಜು ನಿಮಗೂ ಬಂದಿರುತ್ತದೆ. ನನಗೆ ಫ್ಯಾಮಿಲಿ ಗ್ರೂಪಿನಲ್ಲಿ ಬಂತು, ಕಾಲೇಜಿನ ಗ್ರೂಪಿನಲ್ಲಿ ಬಂತು, ಕೊನೆಗೆ ಕಂಬಳದ ಗ್ರೂಪಿನಲ್ಲೂ ಬಂತು. ಅದರ ಕೆಳಗೆ ಒಬ್ಬರು ನಮ್ಮ ಕಾಶ್ಮೀರದ ಸ್ಕೀ ಪಟು ಆರಿಫ್ ಖಾನ್ ಹೆಸರನ್ನು ಎಳೆದು ತಂದು, "ಇವರೆಲ್ಲ ಸರ್ಕಾರದ ದುಡ್ಡಲ್ಲಿ ಟೂರ್ ಹೊಡೆಯುವವರು" ಅಂತ ಬೇರೆ ಬರೆದಿದ್ದರು. ಗ್ರೂಪಿನಲ್ಲಿ ಹಿರಿಯರಿದ್ದಾರೆ, ಜಗಳ ಬೇಡ ಅಂತ ಅಲ್ಲಿ ಬಾಯಿ ಮುಚ್ಚಿಕೊಂಡೆ. ಇದು ನನ್ನ ವಾಲ್, ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಮಾತ್ರ ಓದಿ.

ಮೊದಲು ಚಿನ್ನದ ಸಂಗತಿ. 2026ರ ಫೆಬ್ರವರಿ 14ರಂದು ಇಟಲಿಯ ಬೋರ್ಮಿಯೊದಲ್ಲಿ ಪುರುಷರ ಜಯಂಟ್ ಸ್ಲಾಲಂ (ಹಿಮದ ಇಳಿಜಾರಿನಲ್ಲಿ ತಿರುಗುತ್ತಾ ಇಳಿಯುವ ಸ್ಕೀ ಓಟ) ಗೆದ್ದವರು ಲೂಕಸ್ ಪಿನೇರೊ ಬ್ರಾಥೆನ್. ಬ್ರೆಜಿಲ್‌ಗೆ ಮಾತ್ರವಲ್ಲ, ಇಡೀ ದಕ್ಷಿಣ ಅಮೆರಿಕಕ್ಕೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಪದಕ. ಹಿಂದಿನ ಸಲದ ಚಾಂಪಿಯನ್, ಸ್ವಿಟ್ಜರ್‌ಲೆಂಡಿನ ಮಾರ್ಕೊ ಓಡರ್‌ಮಾಟ್ 0.58 ಸೆಕೆಂಡು ಹಿಂದೆ ಬಿದ್ದು ಎರಡನೆಯವರಾದರು. ಓಡರ್‌ಮಾಟ್ ಅಂದರೆ ಸಾಮಾನ್ಯ ಆಸಾಮಿ ಅಲ್ಲ. ಈ ಆಟದಲ್ಲಿ ಅವರನ್ನು ಹಿಂದೆ ಹಾಕುವುದು ಎಷ್ಟು ಕಷ್ಟ ಅಂತ ಕಳೆದ ಕೆಲವು ವರ್ಷ ನೋಡಿದವರಿಗೆ ಗೊತ್ತು. ಗೆಲುವು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲೂಕಸ್ ಎಲ್ಲಿಯವರು? ಹುಟ್ಟಿದ್ದು 2000ದಲ್ಲಿ, ನಾರ್ವೆಯ ಓಸ್ಲೊದಲ್ಲಿ. ಅಪ್ಪ ನಾರ್ವೆಯವರು, ಅಮ್ಮ ಬ್ರೆಜಿಲ್‌ನವರು. ಸ್ಕೀಯಿಂಗಿನಲ್ಲಿ ಬೆಳೆದದ್ದು ನಾರ್ವೆಯ ವ್ಯವಸ್ಥೆಯಲ್ಲಿ. 2020ರಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ಮೊದಲ ವಿಶ್ವಕಪ್ ಗೆಲುವು, 2023ರಲ್ಲಿ ಸ್ಲಾಲಂನ (ತಿರುವುಗಳು ಇನ್ನೂ ಹತ್ತಿರ ಹತ್ತಿರ ಇರುವ ಓಟ) ಸೀಸನ್ ಪ್ರಶಸ್ತಿ, ಎರಡೂ ನಾರ್ವೆಯ ಲೆಕ್ಕಕ್ಕೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಾಹೀರಾತು ಹಕ್ಕಿನ ವಿಷಯಕ್ಕೆ ಅಲ್ಲಿನ ಸ್ಕೀ ಸಂಸ್ಥೆಯ ಜೊತೆ ತಕರಾರು ಬೆಳೆದು, ಹೊಸ ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ ನಿವೃತ್ತಿ ಅಂದುಬಿಟ್ಟರು. ವಯಸ್ಸು ಆಗ 23. ಮರು ವರ್ಷ ಮಾರ್ಚ್‌ನಲ್ಲಿ ಅಮ್ಮನ ದೇಶದ ಪರವಾಗಿ ವಾಪಸ್ ಬಂದರು. ಆಸ್ಟ್ರಿಯಾದ ದೊಡ್ಡ ತಲೆ ಮಾರ್ಸೆಲ್ ಹಿರ್ಷರ್ ಕೂಡ ನಿವೃತ್ತಿಯಿಂದ ಎದ್ದು ಬಂದದ್ದು ಅಮ್ಮನ ನೆದರ್‌ಲೆಂಡ್ಸ್ ಪರವಾಗಿಯೇ, ಅಲ್ಲಿ ಹೇಳಿಕೊಳ್ಳುವಂಥ ಗುಡ್ಡವೇ ಇಲ್ಲ! ಇದರಲ್ಲಿ ತಪ್ಪು ಹುಡುಕುವವನು ನಾನಲ್ಲ. ತಾಯಿ ಕಡೆಯಿಂದ ಹಕ್ಕು ಬರುತ್ತದೆ ಅಂತ ಅಳಿಯಕಟ್ಟಿನ ಊರಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.

ನಾನು ಹೇಳುವುದು ಇಷ್ಟೇ. ಪದಕ ಬ್ರೆಜಿಲ್‌ನದ್ದು, ಅದರ ಹಿಂದಿನ ಹಿಮ ಯುರೋಪಿನದ್ದು. ಲೂಕಸ್‌ರನ್ನು ತೋರಿಸಿ ಗುಲ್ಮಾರ್ಗ್‌ನ ಹುಡುಗನಿಗೆ "ನಿನಗೆ ಎಂತ ಆಗಿದೆ" ಅಂತ ಕೇಳುವುದು ಯಾವ ಲೆಕ್ಕ ಮಾರಾಯ್ರೆ?

ಜಯಂಟ್ ಸ್ಲಾಲಂ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಗುಡ್ಡದ ಇಳಿಜಾರಿನಲ್ಲಿ ಒಂದು ಕೆಂಪು, ಒಂದು ನೀಲಿ ಅಂತ ಗೇಟುಗಳನ್ನು (ಬಟ್ಟೆ ಕಟ್ಟಿದ ಕಂಬಗಳು) ನೆಟ್ಟಿರುತ್ತಾರೆ. ಮೇಲಿನಿಂದ ಹೊರಟವನು ಒಂದೊಂದನ್ನೂ ಸುತ್ತಿಕೊಂಡು ಕೆಳಗೆ ಬರಬೇಕು. ಒಂದು ಗೇಟು ತಪ್ಪಿದರೂ ಕತೆ ಮುಗಿಯಿತು. ಇಂಥ ಎರಡು ಓಟ, ಎರಡರ ಸಮಯ ಕೂಡಿಸಿ ಫಲಿತಾಂಶ. ಎರಡನೇ ಓಟಕ್ಕೆ ಗೇಟುಗಳನ್ನು ಕಿತ್ತು ಬೇರೆ ರೀತಿ ನೆಡುತ್ತಾರೆ. ಆ ದಾರಿಯಲ್ಲಿ ಅಭ್ಯಾಸದ ಓಟ ಇಲ್ಲ. ಓಟಕ್ಕೆ ಮುಂಚೆ ಪಕ್ಕಪಕ್ಕಕ್ಕೆ ಜಾರುತ್ತಾ ನೋಡಿ, ಯಾವ ತಿರುವು ಎಲ್ಲಿ ಅಂತ ಬಾಯಿಪಾಠ ಮಾಡಿಕೊಳ್ಳಬೇಕು, ಅಷ್ಟೇ. ಕಣ್ಣು ಮುಚ್ಚಿ, ಕೈಯನ್ನೇ ಸ್ಕೀ ಮಾಡಿಕೊಂಡು ಗಾಳಿಯಲ್ಲಿ ಅತ್ತಿತ್ತ ತಿರುಗಿಸುತ್ತಾ ನಿಂತಿರುತ್ತಾರೆ, ಕ್ಯಾಮೆರಾದವರು ಅದನ್ನು ಚೆನ್ನಾಗಿ ತೋರಿಸುತ್ತಾರೆ.

ಕಾಲಿಗೆ ಕಟ್ಟಿದ ಹಲಗೆ ಕನಿಷ್ಠ 193 ಸೆಂಟಿಮೀಟರ್, ಅಂದರೆ ನಮ್ಮಲ್ಲಿ ಹೆಚ್ಚಿನವರಿಗಿಂತ ಉದ್ದ. ಮೇಲಾಗಿ ಆ ಹಲಗೆಯ ಅಂಚಿನ ಬಾಗು ಸುಮಾರು 30 ಮೀಟರ್ ತ್ರಿಜ್ಯದ್ದು. ಅದನ್ನು ಸುಮ್ಮನೆ ಬಿಟ್ಟರೆ ದೊಡ್ಡ ಸುತ್ತು ಹೊಡೆಯುತ್ತದೆ, ಗೇಟು ಸಿಗುವುದಿಲ್ಲ. ತೊಡೆಯ ಶಕ್ತಿಯಲ್ಲಿ ಅದುಮಿ ಬಗ್ಗಿಸಬೇಕು. ನಿಧಾನ ಚಲನೆಯಲ್ಲಿ ನೋಡಿ: ಸೊಂಟ ಇನ್ನೇನು ನೆಲಕ್ಕೆ ತಾಗಬೇಕು ಅನ್ನುವಷ್ಟು ವಾಲಿರುತ್ತದೆ, ಒಳಗಿನ ಕೈಯ ಗ್ಲೌಸ್ ಹಿಮವನ್ನು ಸವರಿಕೊಂಡು ಹೋಗುತ್ತದೆ, ಇಡೀ ಭಾರ ಹೊರಗಿನ ಕಾಲಿನ ಒಂದು ಕಬ್ಬಿಣದ ಅಂಚಿನ ಮೇಲೆ. ಅದರ ಅಡಿಯಿಂದ ಹಿಮದ ಪುಡಿ ಎರಚುತ್ತಾ ಇದ್ದರೆ ಜಾರುತ್ತಿದ್ದಾನೆ, ಸಮಯ ಸೋರುತ್ತಿದೆ ಅಂತ ಅರ್ಥ. ಒಳ್ಳೆಯವರ ತಿರುವಿನಲ್ಲಿ ತೆಳ್ಳನೆ ಒಂದು ಗೀಟು ಮಾತ್ರ ಉಳಿಯುತ್ತದೆ.

ಇನ್ನೊಂದು ಸಂಗತಿ ಟಿವಿಯಲ್ಲಿ ಕಾಣುವುದಿಲ್ಲ. ರ‍್ಯಾಂಕಿಂಗ್‌ನಲ್ಲಿ ಮೇಲಿರುವವರು ಮೊದಲು ಹೊರಡುತ್ತಾರೆ, ಅವರಿಗೆ ನಯವಾದ, ಗಟ್ಟಿ ಹಿಮ. ಹಿಂದಿನ ಬಿಬ್ (ಎದೆಯ ಮೇಲಿನ ಸರದಿ ನಂಬರು) ಸಿಕ್ಕಿದವನ ಪಾಳಿ ಬರುವಾಗ ಪ್ರತಿ ತಿರುವಿನಲ್ಲೂ ಹೊಂಡ ಬಿದ್ದಿರುತ್ತದೆ. ಎರಡನೇ ಓಟದಲ್ಲಿ ಮೊದಲ 30 ಮಂದಿಯನ್ನು ತಿರುವುಮುರುವು ಮಾಡಿ, 30ನೆಯವನನ್ನು ಮೊದಲು ಬಿಡುತ್ತಾರೆ. 31ನೆಯವನಿಂದ ಆಚೆಗೆ ಆ ಭಾಗ್ಯವೂ ಇಲ್ಲ, ವಿಶ್ವಕಪ್‌ನಲ್ಲಾದರೆ ಅವರಿಗೆ ಎರಡನೇ ಓಟವೇ ಇಲ್ಲ.

ಈಗ ಆರಿಫ್ ವಿಷಯ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದದ್ದು ಅವರೊಬ್ಬರೇ. ಬಾವುಟ ಹಿಡಿದು ನಡೆದವರೂ ಅವರೇ. ಗಲ್ವಾನ್ ಸಂಘರ್ಷದಲ್ಲಿದ್ದ ಸೇನಾಧಿಕಾರಿಯನ್ನು ಚೀನಾ ಜ್ಯೋತಿ ಹಿಡಿಯಲು ಕರೆತಂದದ್ದಕ್ಕೆ ದೂರದರ್ಶನ ಉದ್ಘಾಟನೆಯ ನೇರ ಪ್ರಸಾರವನ್ನೇ ಕೈಬಿಟ್ಟಿತ್ತು. ಆ ನಿರ್ಧಾರ ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಅದರಿಂದ ಆದದ್ದೇನು ಅಂದರೆ, ಒಬ್ಬನೇ ಹೋದ, ಆ ಒಬ್ಬನನ್ನೂ ನಮ್ಮ ಮನೆಗಳಲ್ಲಿ ಯಾರೂ ನೋಡಲಿಲ್ಲ.

ಜಯಂಟ್ ಸ್ಲಾಲಂ ದಿನ, ಫೆಬ್ರವರಿ 13, ಯಾನ್‌ಚಿಂಗ್‌ನಲ್ಲಿ ಹಿಮ ಸುರಿಯುತ್ತಲೇ ಇತ್ತು. ತಮಾಷೆ ನೋಡಿ, ಆ ಒಲಿಂಪಿಕ್ಸ್ ಪೂರ್ತಿ ಯಂತ್ರದ ಹಿಮದ ಮೇಲೆ ನಡೆದದ್ದು, ಅವತ್ತೇ ನಿಜವಾದದ್ದು ಬೀಳಬೇಕೆ! ಮುಂದಿನ ಗೇಟು ಕಾಣದಷ್ಟು ಮಬ್ಬು, ಎರಡನೇ ಓಟ ತಡವಾಯಿತು. ಹೊರಟವರು 80ಕ್ಕಿಂತ ಹೆಚ್ಚು, ಅವರಲ್ಲಿ ಅರ್ಧದ ಹತ್ತಿರ ಜನ ಎರಡು ಓಟ ಮುಗಿಸಲೇ ಇಲ್ಲ. ಆರಿಫ್ ಎರಡನ್ನೂ ಮುಗಿಸಿದರು, 45ನೇ ಸ್ಥಾನ, ಒಟ್ಟು 2 ನಿಮಿಷ 47.24 ಸೆಕೆಂಡು. ಗೆದ್ದ ಓಡರ್‌ಮಾಟ್‌ದ್ದು 2 ನಿಮಿಷ 9.35. ಹತ್ತಿರ ಹತ್ತಿರ 38 ಸೆಕೆಂಡಿನ ಅಂತರ. ಇದನ್ನು ನಾನು ಮುಚ್ಚಿಡುವುದಿಲ್ಲ, ಅದು ಬಹಳ ದೊಡ್ಡ ಅಂತರವೇ. ಎರಡನೆಯವರಾದ ಸ್ಲೊವೇನಿಯಾದ ಜಾನ್ ಕ್ರಾನ್ಯೆಟ್ಸ್ ಸೋತದ್ದು ಬರೀ 0.19ರಲ್ಲಿ, ಆ ವೇಗದಲ್ಲಿ ಸುಮಾರು ನಾಲ್ಕು ಮೀಟರ್. ಆರಿಫ್‌ಗಿಂತ ಒಂದು ಸ್ಥಾನ ಮುಂದೆ ಸೌದಿ ಅರೇಬಿಯಾದ ಫಾಯಿಕ್ ಅಬ್ದಿ, ಒಂದು ಸ್ಥಾನ ಹಿಂದೆ ಜಮೈಕಾದ ಬೆಂಜಮಿನ್ ಅಲೆಕ್ಸಾಂಡರ್. ಈ ಬೆಂಜಮಿನ್ ಮೊದಲು ಡಿಜೆ ಆಗಿದ್ದವರು, ಸ್ಕೀ ಕಟ್ಟಿದ್ದೇ ಮೂವತ್ತು ದಾಟಿದ ಮೇಲೆ. ನಿಜವಾಗಿ ಹಿಮವಿಲ್ಲದ ದೇಶಗಳವರು ಎಲ್ಲಿರುತ್ತಾರೆ ಅಂತ ನೋಡಬೇಕಾದರೆ ಆರಿಫ್‌ನ ಹಿಂದೆಮುಂದೆ ಇರುವ ಈ 44, 46ನ್ನು ನೋಡಿ.

ಅಲ್ಲಿಗೆ ಆರಿಫ್ ತಲುಪಿದ್ದು ಹೇಗೆ? ಸ್ಲಾಲಂಗೆ ಅರ್ಹತೆ ಸಿಕ್ಕಿದ್ದು 2021ರ ನವೆಂಬರ್‌ನಲ್ಲಿ, ದುಬೈಯಲ್ಲಿ. ಹೌದು, ನಮ್ಮ ದುಬೈಯಲ್ಲೇ! ಜಯಂಟ್ ಸ್ಲಾಲಂಗೆ ಮರು ತಿಂಗಳು ಮಾಂಟೆನೆಗ್ರೊದಲ್ಲಿ. ನಮ್ಮ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿ ಇರುವುದರಿಂದ ಮಾಲ್ ಆಫ್ ದಿ ಎಮಿರೇಟ್ಸ್‌ನ ಸ್ಕೀ ದುಬೈ ನೋಡಿದವರು ಇಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಅಣ್ಣ ಅಲ್ಲಿರುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ಬಾಡಿಗೆಯ ಜಾಕೆಟು, ಬಾಡಿಗೆಯ ಬೂಟು. ಆ ಬೂಟು ಹಾಕಿದವರಿಗೆ ಗೊತ್ತು: ಗಟ್ಟಿ ಪ್ಲಾಸ್ಟಿಕ್ಕು, ಹಿಮ್ಮಡಿ ಅಲ್ಲಾಡುವುದಿಲ್ಲ, ಮೊಣಕಾಲಿನ ಕೆಳಗಿನ ಎಲುಬಿಗೆ ಒತ್ತಿ ಒತ್ತಿ ಜೀವ ಹೋಗುತ್ತದೆ. ಬೆನ್ನು ನೆಟ್ಟಗೆ ಮಾಡಿ ನಿಂತರೆ ಹಲಗೆ ತಾನೇ ಹೊರಟುಬಿಡುತ್ತದೆ, ಮುಂದೆ ಬಾಗಿ ಆ ನೋವಿನ ಮೇಲೆಯೇ ಭಾರ ಹಾಕಬೇಕು. ಮಕ್ಕಳ ಇಳಿಜಾರು ಇಳಿದು ಸಾಕಾಯಿತು ನನಗೆ. ಪೂರ್ತಿ ಓಟವೇ 400 ಮೀಟರ್ ಇರುವ ಜಾಗ ಅದು. ಹಿಮಾಲಯದವನೊಬ್ಬ ಅಂಕ ಗಳಿಸಲು ಮಾಲ್‌ನ ಒಳಗೆ ಬರಬೇಕಾಯಿತು ಅಂದರೆ, ಪ್ರಶ್ನೆ ಅವನಿಗೆ ಕೇಳಬೇಕಾ?

"ಹಿಮಾಲಯ ಉಂಟಲ್ಲ" ಅನ್ನುವವರಿಗೆ ಇನ್ನೂ ಒಂದು ಮಾತು. ಗುಲ್ಮಾರ್ಗ್‌ನ ಹಿಮಕ್ಕೆ ಲೋಕದಲ್ಲೆಲ್ಲ ಹೆಸರಿದೆ, ಆದರೆ ಹೆಸರಿರುವುದು ಅದು ಮೆತ್ತಗೆ, ಆಳವಾಗಿ ಬೀಳುತ್ತದೆ ಅಂತ. ಮೋಜಿಗೆ ಜಾರುವವರಿಗೆ ಅದು ಸ್ವರ್ಗ. ರೇಸಿಗೆ ಬೇಕಾದದ್ದು ನೀರು ಹಾಯಿಸಿ, ಯಂತ್ರದಲ್ಲಿ ತಟ್ಟಿ, ಗಾಜಿನ ಹಾಗೆ ಗಟ್ಟಿ ಮಾಡಿದ ಹಿಮ. ಆ ಮೆತ್ತನೆಯದ್ದೂ ಸಮಯಕ್ಕೆ ಬೀಳುವ ಖಾತ್ರಿ ಇಲ್ಲ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮುಂದೂಡಿದ್ದರು. ಇನ್ನು "ಸರ್ಕಾರದ ದುಡ್ಡು": ಕೇಂದ್ರದ ಒಲಿಂಪಿಕ್ ಯೋಜನೆಯಿಂದ ಆರಿಫ್‌ಗೆ ಸುಮಾರು 17 ಲಕ್ಷ ಮಂಜೂರಾದದ್ದು 2022ರ ಜನವರಿಯಲ್ಲಿ. ಸ್ಪರ್ಧೆ ಫೆಬ್ರವರಿಯಲ್ಲಿ! ಅದಕ್ಕಿಂತ ಹಿಂದೆ, 2018ರ ಒಲಿಂಪಿಕ್ಸ್ ಅವರ ಕೈತಪ್ಪಿದ್ದೇ ಹಣ ಹೊಂದದೆ. ಟೂರ್ ಅಂತೆ.

ಹೋಲಿಕೆಯ ಚಾಳಿಯ ಬಗ್ಗೆ ಕಂಬಳದ ಗ್ರೂಪಿನವರಿಗೆ ವಿಶೇಷವಾಗಿ ಹೇಳಬೇಕು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ಓಡಿದಾಗ ಏನಾಯಿತು ನೆನಪು ಮಾಡಿಕೊಳ್ಳಿ. ಯಾರೋ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಅಂದರು, ಉಸೇನ್ ಬೋಲ್ಟ್‌ಗಿಂತ ಫಾಸ್ಟ್ ಅಂದರು, ದೆಹಲಿಯಿಂದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಬರುವುದಿಲ್ಲ ಅಂದರು. ಆಗ ನಾವೇ ಅಲ್ಲವಾ ಊರವರಿಗೆಲ್ಲ ವಿವರಿಸಿದ್ದು? ಮುಂದೆ ಕೋಣ ಎಳೆಯುತ್ತದೆ, ಕಾಲಡಿಯಲ್ಲಿ ಕೆಸರು ನೀರು, ಗಂತಿನಲ್ಲಿ (ಓಟ ಶುರುವಾಗುವ ಜಾಗ) ಬಿಡುವ ಕ್ರಮವೇ ಬೇರೆ, ಸಿಂಥೆಟಿಕ್ ಟ್ರ್ಯಾಕಿನ ಸಮಯದ ಜೊತೆ ಇದನ್ನು ತೂಗಬೇಡಿ ಅಂತ? ಮಂಜೊಟ್ಟಿಯಲ್ಲಿ (ಓಟ ಮುಗಿಯುವ ಜಾಗ) ಲೇಸರ್ ಕಿರಣ ಹಾಕಿ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ರಾತ್ರಿಯಿಡೀ ವಾದ ಮಾಡುವವರು ನಾವು. ಒಂದು ಕರೆಗೂ ಇನ್ನೊಂದು ಕರೆಗೂ ಸಮಯ ಹೋಲಿಸಬಾರದು ಅನ್ನುವುದು ಇಲ್ಲಿ ಕೋಣ ಹಿಡಿಯುವ ಹುಡುಗನಿಗೂ ಗೊತ್ತು. ಆ ತಿಳಿವಳಿಕೆ ಹಿಮದ ವಿಷಯ ಬಂದಾಗ ಎಲ್ಲಿ ಹೋಯಿತು?

ಈ ಸಲದ ಒಲಿಂಪಿಕ್ಸ್‌ಗೆ ಭಾರತದಿಂದ ಇಬ್ಬರು ಹೋದರು. ಆರಿಫ್ ಸ್ಲಾಲಂಗೆ, ಸ್ಟಾನ್ಜಿನ್ ಲುಂಡುಪ್ ಕ್ರಾಸ್ ಕಂಟ್ರಿಗೆ (ಹಿಮದ ಮೇಲಿನ ದೂರದ ಸ್ಕೀ ಓಟ). ಅದೇ ಕ್ರಾಸ್ ಕಂಟ್ರಿಯಲ್ಲಿ ನಮ್ಮ ಪಕ್ಕದ ಕೊಡಗಿನ ತೆಕ್ಕಡ ಭವಾನಿ ಕರ್ನಾಟಕಕ್ಕೆ ಪದಕ ತರುತ್ತಿದ್ದಾರೆ, ವಿದೇಶಕ್ಕೂ ಹೋಗಿ ಸ್ಪರ್ಧಿಸಿದ್ದಾರೆ. ಮಂಗಳೂರಿನಿಂದ ಗಾಡಿಯಲ್ಲಿ ಹೋಗಿಬರುವ ದೂರದ ಊರಿನವರು. ಈ ಮೆಸೇಜು ಕಳಿಸಿದವರಲ್ಲಿ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಕ್ಕಿಲ್ಲ, ಬೇಕಾದರೆ ಕೇಳಿ ನೋಡಿ.

ಹಾಗಾದರೆ ನಮಗೆ ಪದಕ ಬರುವುದೇ ಇಲ್ಲವಾ ಅಂತ ತಮ್ಮ ಕೇಳಿದ. ಹತ್ತು ವರ್ಷದ ನಾಲ್ಕು ಮಕ್ಕಳನ್ನು ಗುಲ್ಮಾರ್ಗ್‌ನಿಂದಲೋ ಔಲಿಯಿಂದಲೋ ಆರಿಸಿ, ಚಳಿಗಾಲಪೂರ್ತಿ ಆಸ್ಟ್ರಿಯಾದ ಯಾವುದಾದರೂ ಕ್ಲಬ್ಬಿನಲ್ಲಿ ಬಿಟ್ಟು, ಹದಿನೈದು ವರ್ಷ ಖರ್ಚು ಹಾಕಿದರೆ ಮೊದಲ 30ರೊಳಗೆ ಒಬ್ಬ ಬರಬಹುದು ಅಂತ ನನ್ನ ಅಂದಾಜು. ಪದಕ ಅಲ್ಲ, ಮೊದಲ 30. ಅಷ್ಟು ದುಡ್ಡನ್ನು ಅದಕ್ಕೆ ಹಾಕಬೇಕಾ ಅಂದರೆ, ನನ್ನನ್ನು ಕೇಳಿದರೆ ಬೇಡ. ಅದೇ ದುಡ್ಡಿಗೆ ನಮ್ಮ ಜಿಲ್ಲೆಗೆ ಇನ್ನೊಂದು ಒಳ್ಳೆಯ ಈಜುಕೊಳ ಬರಲಿ. ಆದರೆ ದುಡ್ಡು ಹಾಕುವುದಿಲ್ಲ ಅಂತ ತೀರ್ಮಾನಿಸಿದವರು ಆಮೇಲೆ ಪದಕ ಎಲ್ಲಿ ಅಂತ ಕೇಳಬಾರದು.

ಅಕ್ಟೋಬರ್ ಕೊನೆಗೆ ಸೋಲ್ಡನ್‌ನಲ್ಲಿ ಹೊಸ ಸೀಸನ್ ಶುರು, ಮೊದಲ ರೇಸುಗಳೇ ಜಯಂಟ್ ಸ್ಲಾಲಂ. ಲೂಕಸ್ ನೋಡಿ, ಓಡರ್‌ಮಾಟ್ ನೋಡಿ. ಆದರೆ ಮೊದಲ 15 ಬಿಬ್ ಇಳಿದ ಕೂಡಲೇ ಚಾನೆಲ್ ತಿರುಗಿಸಬೇಡಿ. ಹೊಂಡ ಬಿದ್ದ ದಾರಿಯಲ್ಲಿ 50ರ ಆಚೆಯ ಬಿಬ್‌ನವನೊಬ್ಬ ಒದ್ದಾಡಿಕೊಂಡು ಬಂದು 29ನೆಯವನಾಗಿ ಎರಡನೇ ಓಟಕ್ಕೆ ತೇರ್ಗಡೆಯಾದರೆ, ಕೆಳಗೆ ನಿಂತು ಗಡಿಯಾರ ನೋಡಿ ಅವನು ಹಾಕುವ ಬೊಬ್ಬೆ ಉಂಟಲ್ಲ, ಗೆದ್ದವನೂ ಅಷ್ಟು ದೊಡ್ಡ ಬೊಬ್ಬೆ ಹಾಕುವುದಿಲ್ಲ.