ಅಮ್ಮ ಡ್ರಮ್ಮಿಗೆ ಹಾಕಿದ ಟಿಕಡಿ

ಹೋದ ಮೇ ತಿಂಗಳು ಅಮ್ಮ ಕುಂದಾಪುರದಿಂದ ಮುಂಬೈಯ ಮುಲುಂಡಿಗೆ, ನಮ್ಮ ಮನೆಗೆ ಬಂದಿದ್ದಳು. ಬಂದ ಮೂರನೇ ದಿನ ಅಡುಗೆಮನೆಯ ನೀರಿನ ಡ್ರಮ್ಮಿನ ತಳದಲ್ಲಿ ಒಂದು ಬೂದು ಬಣ್ಣದ ಮಾತ್ರೆ ಕಂಡಿತು. "ಇದೆಂತ ಅಮ್ಮಾ?" ಅಂದೆ. "ನೀರಿನ ಮಾತ್ರೆ ಅಲ್ದಾ? ಗೋಧಿ ಡಬ್ಬಿ ಹತ್ರ ಇತ್ತ್, ಹಾಕ್ದೆ. ಟ್ಯಾಂಕರ್ ನೀರಲ್ದಾ ಮಗಾ" ಅಂದಳು. ಊರಲ್ಲಿ ಮಳೆಗಾಲ ಬಂದರೆ ಬಾವಿಗೆ ಕ್ಲೋರಿನ್ ಹಾಕಿ ಗೊತ್ತು, ಇದೂ ಅಂಥದ್ದೇ ಅಂದುಕೊಂಡಿದ್ದಾಳೆ.

ಅದು ಪಾರದ ಟಿಕಡಿ. ಅಂದರೆ ಪಾದರಸದ ಮಾತ್ರೆ. ಪಕ್ಕದ ಮನೆ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಪ್ರೀತಿಯಿಂದ ಕೊಟ್ಟಿದ್ದು, ಗೋಧಿಗೆ ಹುಳ ಬೀಳಬಾರದು ಅಂತ. ಈ ಕಡೆ ವರ್ಷದ ಧಾನ್ಯ ಒಟ್ಟಿಗೆ ತುಂಬಿಸಿಡುವ ಮನೆಗಳಲ್ಲಿ ಇದು ಹೊಸದೇನಲ್ಲ. ನಮ್ಮ ಕಡೆ ಬೇವಿನ ಎಲೆ, ಒಣಮೆಣಸು ಹಾಕುತ್ತೇವೆ, ಇಲ್ಲಾ ಬಿಸಿಲಿಗೆ ಹರಡುತ್ತೇವೆ. ಹುಳ ಬಿದ್ದರೆ ಬೀಳಲಿ, ಕೇರಿದರಾಯ್ತು. ಈ ಒಂದು ವಿಷಯದಲ್ಲಿ ನಮ್ಮೂರಿನ ಪದ್ಧತಿಯೇ ಮೇಲು, ನನಗೆ ಅನುಮಾನ ಇಲ್ಲ.

ಇನ್ನೂರು ಲೀಟರ್ ನೀರು ಚೆಲ್ಲಿದೆ. ಮೇ ತಿಂಗಳಲ್ಲಿ ಮುಂಬೈಯಲ್ಲಿ ಇನ್ನೂರು ಲೀಟರ್ ಚೆಲ್ಲೋದು ಅಂದರೆ ಏನು ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನಾನೇನು ಡಾಕ್ಟರ್ ಅಲ್ಲ, ಆದರೆ ಆಮೇಲೆ ಕೂತು ಓದಿದೆ. ಲೋಹದ ರೂಪದ ಪಾದರಸ, ಅಂದರೆ ಹಳೆ ಥರ್ಮಾಮೀಟರಿನ ಆ ಬೆಳ್ಳಿ ಹನಿ, ಬಾಯಿಗೆ ಹೋದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ, ದೇಹ ಹೀರುವುದು ತೀರಾ ಕಡಿಮೆ. ಅದರ ಆವಿ ಉಸಿರಿಗೆ ಹೋದರೆ ಮಾತ್ರ ಸುಮಾರು 80 ಶೇಕಡಾ ಒಳಗೇ ಉಳಿಯುತ್ತದೆ. ನೀರಲ್ಲಿ ಸಿಗುವುದು ಜಾಸ್ತಿ ಪಾದರಸದ ಲವಣಗಳು. ಅವುಗಳ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಅದೂ ಸದ್ದಿಲ್ಲದೆ, ತಿಂಗಳು ವರ್ಷಗಟ್ಟಲೆ ಕುಡಿದ ಮೇಲೆ. ಮೂರನೆಯದು ಮೀಥೈಲ್ ಪಾದರಸ, ನರಗಳಿಗೆ ಮತ್ತು ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಹೊಡೆಯುವಂಥದ್ದು. ಇದು ಬರುವುದು ಹೆಚ್ಚಾಗಿ ಮೀನಿನಿಂದ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತವೂ ಹಾಗೇ: ಫ್ಯಾಕ್ಟರಿ ಕೊಲ್ಲಿಗೆ ಬಿಟ್ಟ ವಿಷ ಜನರಿಗೆ ಸಿಕ್ಕಿದ್ದು ಕುಡಿಯುವ ನೀರಿಂದಲ್ಲ, ತಿಂದ ಮೀನಿಂದ. (ಮೀನು ಬಿಡಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ಬಂಗುಡೆಯಂಥ ಚಿಕ್ಕ ಮೀನಲ್ಲಿ ಕಡಿಮೆ, ಶಾರ್ಕಿನಂಥ ದೊಡ್ಡ ಬೇಟೆ ಮೀನಲ್ಲಿ ಜಾಸ್ತಿ, ಅಷ್ಟೇ.)

ಹಾಗಾದರೆ ಡ್ರಮ್ಮಿನ ನೀರು ಸುಮ್ನೆ ಚೆಲ್ಲಿದ್ದಾ? ಇಲ್ಲ. ಲೋಹದ ಪಾದರಸ ನೀರಲ್ಲಿ ಕರಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ ತನಕ ಕರಗಬಲ್ಲದು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಲೆಕ್ಕ ನೀವೇ ಹಾಕಿ. ತಮಾಷೆ ಅಂದರೆ ಅಮೆರಿಕದ ಮಿತಿ 2, ವಿಶ್ವ ಆರೋಗ್ಯ ಸಂಸ್ಥೆ ಪಾದರಸದ ಲವಣಗಳಿಗೆ ಹೇಳುವುದು 6. ಕಾಗದದ ಮೇಲೆ ಇವರಿಬ್ಬರಿಗಿಂತ ನಾವೇ ಬಿಗಿ. ಮನೆ ನೀರನ್ನು ಅಳೆದು ನೋಡಿದವರು ಯಾರು ಅಂತ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದೆ. ಒಬ್ಬರೂ ಇಲ್ಲ.

ಊರಿಗೂ ಮುಂಬೈಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಅಲ್ಲೇ. ಊರಲ್ಲಿ ನಾವು ನಾಲಿಗೆಯನ್ನು ನಂಬುತ್ತೇವೆ. ಬಾವಿ ನೀರು ಸಿಹಿ ಇದೆಯಾ, ತಿಳಿ ಇದೆಯಾ, ತಾಮ್ರದ ಕೊಡಪಾನದಲ್ಲಿ ಇಟ್ಟಿದೆಯಾ, ಮುಗೀತು. ಮುಂಬೈಯಲ್ಲಿ ನಾಲಿಗೆಯನ್ನು ಯಾರೂ ನಂಬುವುದಿಲ್ಲ, ಮಷೀನನ್ನು ನಂಬುತ್ತಾರೆ: ಗೋಡೆಯ ಮೇಲೆ ನೀಲಿ ದೀಪ ಉರಿಯುತ್ತಿದ್ದರೆ ನೀರು ಶುದ್ಧ. ಪಾದರಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕರಗಿದ ಮೇಲೆ ಬಣ್ಣವೂ ಇಲ್ಲ, ಹಾಗಾಗಿ ಅಮ್ಮನ ನಾಲಿಗೆ ಅಲ್ಲಿ ಸೋಲುತ್ತದೆ. ನೀಲಿ ದೀಪದ ಯುವಿ ಮಷೀನೂ ಕ್ರಿಮಿಯನ್ನು ಕೊಲ್ಲುತ್ತದೆಯೇ ಹೊರತು ಲೋಹವನ್ನು ಮುಟ್ಟುವುದಿಲ್ಲ, ಮೇಲಾಗಿ ಅಂಥ ದೀಪಗಳಲ್ಲಿ ಸಾಮಾನ್ಯವಾಗಿ ಪಾದರಸವೇ ಇರುತ್ತದೆ! ಕುದಿಸಿದರೂ ಲವಣ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಮತ್ತು ಒಳ್ಳೆಯ ಕಾರ್ಬನ್ ಫಿಲ್ಟರ್ ಕಡಿಮೆ ಮಾಡುತ್ತವೆ, ಆದರೆ ಕಾರ್ಟ್ರಿಜ್ ಮೂರು ವರ್ಷದಿಂದ ಬದಲಿಸದ ಮನೆಗಳು ನಮ್ಮ ಬಿಲ್ಡಿಂಗಿನಲ್ಲೇ ಎಷ್ಟೋ ಇವೆ. ನಮ್ಮ ಮನೆಯೂ ಅದರಲ್ಲಿ ಒಂದಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ನಲ್ಲಿ ನೀರು, ಟ್ಯಾಂಕರ್ ನೀರು ಎರಡನ್ನೂ ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟೆ. ಒಂದು ಮಾತು ನೆನಪಿಡಿ, ಸುಮ್ನೆ "ನೀರು ಟೆಸ್ಟ್ ಮಾಡಿ" ಅಂದರೆ ಗಡಸುತನ, ಕ್ರಿಮಿ ಇಷ್ಟು ನೋಡಿ ಕಾಗದ ಕೊಡುತ್ತಾರೆ. ಪಾದರಸ ಬೇಕು ಅಂತ ಬೇರೆಯಾಗಿ ಹೇಳಬೇಕು, ದುಡ್ಡೂ ಬೇರೆ. ಎರಡೂ ಮಿತಿಯೊಳಗೆ ಬಂದವು. ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ನೂರಾರು ಕೋಟಿ ಖರ್ಚು ಮಾಡಿ ತರುವ ನೀರಲ್ಲಿ ಮಿತಿ ಮೀರದ ಪಾದರಸವನ್ನು ನಾವೇ ಮನೆಯೊಳಗೆ ತಂದಿಟ್ಟುಕೊಂಡಿದ್ದೆವು. ಕಾಕು ಮನೆಯಲ್ಲಿ ಪಾರದ ಶಿವಲಿಂಗವೂ ಇದೆ, ಅಭಿಷೇಕದ ನೀರನ್ನು ತೀರ್ಥ ಅಂತ ಮೊಮ್ಮಗನಿಗೂ ಕೊಡುತ್ತಾರೆ. ಪೂಜೆ ಮಾಡಿ ಕಾಕು, ತೀರ್ಥ ಮಾತ್ರ ಕುಡಿಸಬೇಡಿ ಅಂದೆ. ಅವರು ನಕ್ಕರು. ಇನ್ನೊಮ್ಮೆ ಹೇಳಬೇಕು, ಮಗು ಇನ್ನೂ ಎರಡು ವರ್ಷದ್ದು.

ಹಾಗಂತ ಊರು ಪಾರಾಯಿತು ಅಂತಲ್ಲ. ನಮ್ಮ ಬಾವಿ ಹಿಂದಿನ ಗುಂಡಿಗೆ ಇಪ್ಪತ್ತು ವರ್ಷದಿಂದ ಒಡೆದ ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬು ಎಲ್ಲ ಬಿದ್ದಿವೆ, ಪ್ರತಿಯೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ. ಒಂದೇ ಒಂದು ಮಿಲಿಗ್ರಾಂ ಸಾಕು, ಸಾವಿರ ಲೀಟರ್ ನೀರನ್ನು ಮಿತಿಗೆ ತಂದು ನಿಲ್ಲಿಸಲು. ಅಷ್ಟೂ ಬಾವಿಗೆ ಇಳಿದಿದೆ ಅಂತಲ್ಲ, ಮಣ್ಣು ಬಹಳಷ್ಟನ್ನು ಹಿಡಿದಿಡುತ್ತದೆ. ಆದರೂ ಬಾವಿ ನೀರನ್ನು ಒಮ್ಮೆ ಅಳೆಯಬೇಕು ಅನಿಸಿತು. "ನಮ್ ಬಾವಿ ನೀರಿಗೆ ಎಂತ ಟೆಸ್ಟಾ, ನಿನ್ನಜ್ಜ ತೊಂಬತ್ತು ವರ್ಷ ಕುಡ್ದದ್ದ್" ಅಂದಳು ಅಮ್ಮ.

ಆದರೂ ಅಮ್ಮ ವಾಪಸ್ ಹೋದ ಮೇಲೆ ಲ್ಯಾಬಿನಿಂದ ಬಾಟಲಿ ತರಿಸಿ ಊರ ಮನೆಗೆ ಮುಟ್ಟಿಸಿದ್ದೇನೆ. ಲ್ಯಾಬಿನವರು ಅದರೊಳಗೆ ಸ್ವಲ್ಪ ಆಸಿಡ್ ಹಾಕಿಯೇ ಕೊಡುತ್ತಾರೆ, ಪಾದರಸ ಬಾಟಲಿಯ ಗೋಡೆಗೆ ಅಂಟಿಕೊಳ್ಳದಿರಲಿ ಅಂತ. ಅದನ್ನು ತೊಳೆಯಬೇಡ, ಅಮ್ಮಾ, ತಮ್ಮ ಬಂದು ತುಂಬಿಸುತ್ತಾನೆ, ಅಲ್ಲೀತನಕ ಮುಟ್ಟಲೇಬೇಡ ಅಂತ ಫೋನಿನಲ್ಲಿ ಮೂರು ಸಲ ಹೇಳಿದೆ. ನಿನ್ನೆ ತಮ್ಮನ ಫೋನ್ ಬಂತು. ಬಾಟಲಿ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು ಬಾವಿಕಟ್ಟೆ ಮೇಲೆ ಬೋರಲು ಹಾಕಿದ್ದಾಳಂತೆ.