ಜೂನ್ ಕಳೆದ ಮೇಲೆ ಯಾವ ಊರು?

ಈ ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಮನೆಗಳಲ್ಲೆಲ್ಲ ನಮಗೆ ಎದುರಾದದ್ದು ಒಂದೇ ಪ್ರಶ್ನೆ: ‘ಜೂನ್ ಆದ ಮೇಲೆ ಎಲ್ಲಿ?’ ಅಮೆರಿಕದ ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ವೈದ್ಯರು ಬೇಕಾದಷ್ಟು ಮಂದಿ ಇದ್ದಾರೆ, ಹಾಗಾಗಿ ಈ ಪ್ರಶ್ನೆಯ ತೂಕ ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿದವಳು. ಇಲ್ಲಿನ ಪರವಾನಗಿ ಪರೀಕ್ಷೆಗಳನ್ನು ಪಾಸು ಮಾಡಿ, ಸೆಪ್ಟೆಂಬರ್‌ನಲ್ಲಿ ರೆಸಿಡೆನ್ಸಿಗೆ, ಅಂದರೆ ಜುಲೈ ಹೊತ್ತಿಗೆ ಶುರುವಾಗುವ ಆಸ್ಪತ್ರೆಯ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕಿ, ಚಳಿಗಾಲವಿಡೀ ಕಂಪ್ಯೂಟರ್ ಮುಂದೆ ಕುಳಿತು ಸಂದರ್ಶನ ಕೊಟ್ಟಿದ್ದಾಳೆ. ಯಾವ ಆಸ್ಪತ್ರೆ ಎಂದು ತಿಳಿಯುವುದು 2026ರ ಮಾರ್ಚ್ 20ಕ್ಕೆ, ಯುಗಾದಿಯ ಮರುದಿನ. ಅಲ್ಲಿಯವರೆಗೆ ಮನೆಯ ಬಾಡಿಗೆ ಕರಾರು, ಮಗಳ ಶಾಲೆ, ನನ್ನ ನೌಕರಿ ಯಾವುದನ್ನೂ ನಿಶ್ಚಯಿಸುವಂತಿಲ್ಲ.

ನಮ್ಮಲ್ಲಿ ನೀಟ್ ಪಿಜಿ ಬರೆದರೆ ಒಂದು ರ‍್ಯಾಂಕ್ ಬರುತ್ತದೆ, ಆ ಕ್ರಮದಲ್ಲಿ ಸೀಟು ಹಂಚುತ್ತಾರೆ. ಇಲ್ಲಿಯದು ಬೇರೆ ದಾರಿ. ಸಂದರ್ಶನ ಮುಗಿದ ಮೇಲೆ ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳನ್ನು, ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆದುಕೊಡುತ್ತವೆ. 40,000ಕ್ಕೂ ಹೆಚ್ಚು ಸ್ಥಾನಗಳಿಗೆ ಎರಡೂ ಪಟ್ಟಿಗಳನ್ನು ತಾಳೆ ಹಾಕುವುದು ಕಂಪ್ಯೂಟರ್. 1952ರಿಂದ ನಡೆದುಬಂದಿರುವ ಈ ‘ಮ್ಯಾಚ್’ ಪದ್ಧತಿಯ ಲೆಕ್ಕಾಚಾರವನ್ನು 1990ರ ದಶಕದಲ್ಲಿ ಹೊಸದಾಗಿ ರೂಪಿಸಿದವರು ಆಲ್ವಿನ್ ರಾತ್. ಇಂಥ ಹೊಂದಾಣಿಕೆಯ ಕುರಿತ ಕೆಲಸಕ್ಕೇ ಅವರಿಗೆ ಮತ್ತು ಲಾಯ್ಡ್ ಶಾಪ್ಲಿಯವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು. ಲೆಕ್ಕ ಶುರುವಾಗುವುದು ಅಭ್ಯರ್ಥಿಯ ಪಟ್ಟಿಯಿಂದ. ಆದ್ದರಿಂದ ಸಿಗುವುದೋ ಇಲ್ಲವೋ ಎಂಬ ಅಳುಕಿನಿಂದ ಕ್ರಮ ಬದಲಿಸಬೇಕಾಗಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದರೇ ಲಾಭ. ಫಲಿತಾಂಶ ಬರುವ ವಾರದ ಸೋಮವಾರ ಸ್ಥಾನ ಸಿಕ್ಕಿತೇ ಎಂಬುದಷ್ಟೇ ಗೊತ್ತಾಗುತ್ತದೆ. ಎಲ್ಲಿ ಎಂಬುದು ಶುಕ್ರವಾರ. ಬಂದದ್ದನ್ನು ಒಪ್ಪಲೇಬೇಕು. ವಿದೇಶದಲ್ಲಿ ಓದಿಬಂದ, ಇಲ್ಲಿನ ಪೌರರಲ್ಲದ ವೈದ್ಯರಲ್ಲಿ ಸ್ಥಾನ ಸಿಗುವುದು ಹತ್ತರಲ್ಲಿ ಸುಮಾರು ಆರು ಮಂದಿಗೆ ಮಾತ್ರ.

ಇಷ್ಟು ಕಠಿಣವಾದ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಅದಕ್ಕೆ ಕಾರಣ ನನ್ನ ಬಾಲ್ಯ. ಅಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಪ್ಪ ಬೇರೆ ಇಲಾಖೆಯ ನೌಕರ. ಒಬ್ಬರು ಸಾಗರದಲ್ಲಿ, ಇನ್ನೊಬ್ಬರು ಹರಿಹರದಲ್ಲಿ. ಪ್ರತಿ ಬೇಸಿಗೆಯಲ್ಲೂ ಮನೆಯಲ್ಲಿ ವರ್ಗಾವಣೆಯದೇ ಮಾತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಶಾಸಕರ ಶಿಫಾರಸು ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಿದ್ದರು. ಆದೇಶ ಯಾವಾಗ ಬರುತ್ತದೆ, ಯಾರ ಮೇಜಿನ ಮೇಲಿದೆ, ಇನ್ನು ಯಾರನ್ನು ಕಾಣಬೇಕು ಎಂಬುದಕ್ಕೆ ಕೊನೆಯೇ ಇರುತ್ತಿರಲಿಲ್ಲ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂದು ಕೌನ್ಸೆಲಿಂಗ್ ನಡೆಯತೊಡಗಿದ ಮೇಲೆ ಅಮ್ಮನಂಥವರಿಗೆ ಎಷ್ಟೋ ನೆಮ್ಮದಿಯಾಯಿತು. ಕಾಯುವುದು ಯಾರಿಗೂ ತಪ್ಪದು. ಆದರೆ ಇಂಥ ದಿನ ಮುಗಿಯುತ್ತದೆ, ಯಾರ ಫೋನಿನಿಂದಲೂ ಅದು ಬದಲಾಗದು ಎಂದು ಗೊತ್ತಿದ್ದರೆ ಮನುಷ್ಯ ಮರ್ಯಾದೆಯಿಂದ ಕಾಯಬಹುದು. ನಮ್ಮ ರಾಜ್ಯದ ಎಲ್ಲ ಇಲಾಖೆಗಳ ನೌಕರರಿಗೂ ಆ ಮರ್ಯಾದೆ ಸಿಗಬೇಕು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಊರಿನ ಪದ್ಧತಿಯೇ ಹೆಚ್ಚು ಮಾನವೀಯ. ಶಿಕ್ಷಕರ ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ ಎಂಬ ಆದ್ಯತೆ ಇದೆ. ಗಂಡ ಹೆಂಡತಿ ಒಂದೇ ಕಡೆ ಇರಬೇಕು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಇಲ್ಲಿಯೂ 1980ರ ದಶಕದಿಂದ ಜೋಡಿಗಳು ತಮ್ಮ ಪಟ್ಟಿಗಳನ್ನು ಒಟ್ಟಿಗೆ ಹೆಣೆಯಬಹುದು, ಆದರೆ ಇಬ್ಬರೂ ಅದೇ ವರ್ಷದ ಮ್ಯಾಚ್‌ನಲ್ಲಿ ಇರಬೇಕು. ನನ್ನಂಥ ಕಾರು ಕಾರ್ಖಾನೆಯ ಎಂಜಿನಿಯರ್ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನನ್ನ ಎಚ್-1ಬಿ ವೀಸಾ ನನ್ನ ಕಂಪನಿಗೆ ಕಟ್ಟುಬಿದ್ದದ್ದು. ಬೇರೆ ಕಂಪನಿಗೆ ಹೋಗಬೇಕಾದರೆ ಅವರು ಹೊಸದಾಗಿ ಅರ್ಜಿ ಹಾಕಬೇಕು. ಅವಳಿಗೆ ತರಬೇತಿಗೆಂದು ಕೊಡುವ ಜೆ-1 ವೀಸಾ ಬಂದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆದು ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಬೇಕು. ಅಂದರೆ ಈ ಮಾರ್ಚ್‌ನ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಕಾದಿದೆ. ಅರ್ಜಿಯಲ್ಲಿ ಸಂಗಾತಿಯ ಕೆಲಸದ ಬಗ್ಗೆ ಒಂದು ಅಂಕಣ, ಆಸ್ಪತ್ರೆಯಲ್ಲಿ ಅದನ್ನು ಓದಿ ನೆರವಾಗುವ ಒಬ್ಬ ವ್ಯಕ್ತಿ, ಇಷ್ಟಾದರೂ ಇರಬೇಕಿತ್ತು.

ಮನೆಯವರ ಮಾತಿಗೆ ಬಂದರೆ, ಅಪ್ಪನಿಗೆ ವರ್ಗವಾದಾಗ ಅಮ್ಮನ ಕೆಲಸದ ಗತಿಯೇನು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಈಗ ಶಿವಮೊಗ್ಗದಿಂದ ಬರುವ ಪ್ರತಿ ಫೋನಿನಲ್ಲೂ ನನ್ನ ಕೆಲಸದ್ದೇ ಚಿಂತೆ. ಅತ್ತೆಯವರಂತೂ ಮಗಳಿಗೆ, ‘ಅವರ ಕೆಲಸ ಇರುವ ಊರನ್ನೇ ಮೊದಲು ಬರೆ’ ಎಂದು ಹೇಳಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಡ್ಯೂಟಿ ಶುರುವಾದರೆ ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಬಂದಿರುತ್ತೇನೆ ಎಂದು ಮೊದಲು ಹೇಳಿದವರೂ ಅವರೇ. ಇಲ್ಲಿನ ನನ್ನ ಸಹೋದ್ಯೋಗಿಗಳು ಅವಳಿಗೆ ಮನಸಾರೆ ಶುಭ ಹಾರೈಸುತ್ತಾರೆ, ನಾನು ಅವಳ ಹಿಂದೆ ಹೋಗುವುದರಲ್ಲಿ ಅವರಿಗೆ ವಿಶೇಷವೇನೂ ಕಾಣುವುದಿಲ್ಲ. ಅದು ನನಗೆ ಹಿತವೆನಿಸುತ್ತದೆ. ಆದರೆ ಆರು ತಿಂಗಳು ಬಂದಿರುತ್ತೇನೆ ಎನ್ನುವವರು ಅವರಲ್ಲಿ ಯಾರೂ ಇಲ್ಲ.

ಪಟ್ಟಿ ಸಲ್ಲಿಸಲು ಮಾರ್ಚ್ ಮೊದಲ ವಾರದವರೆಗೆ ಸಮಯವಿದೆ. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ವೆಸ್ಟ್ ವರ್ಜೀನಿಯಾ ರಾಜ್ಯದ ಒಂದು ಸಣ್ಣ ಪಟ್ಟಣದ ಆಸ್ಪತ್ರೆ. ಅಲ್ಲಿ ನನ್ನ ಕಸುಬಿಗೆ ಕೆಲಸವಿಲ್ಲ. ಮನೆಯಿಂದಲೇ ದುಡಿಯಲು ಬಿಡುತ್ತೀರಾ ಎಂದು ನಮ್ಮ ಕಂಪನಿಯಲ್ಲಿ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಉತ್ತರ ಏನೇ ಬರಲಿ, ಆ ಆಸ್ಪತ್ರೆಯ ಹೆಸರು ಮೊದಲನೆಯದಾಗಿಯೇ ಇರಲಿ ಎಂದು ಅವಳಿಗೆ ಹೇಳಿದ್ದೇನೆ.